ಹನ್ನೊಂದು ಸೆಕೆಂಡಿನ ವಿನಂತಿ

"ಕೇಳುಗರೇ, ಇದು ನಿಮ್ಮ ಭಾಷೆಯ ಕಾರ್ಯಕ್ರಮ. ನಿಮ್ಮ ಅನಿಸಿಕೆಗಳನ್ನು ದಯವಿಟ್ಟು ಕನ್ನಡದಲ್ಲೇ ಬರೆದು ಕಳಿಸಿ. ಬೇರೆ ಭಾಷೆಯ ಪತ್ರಗಳನ್ನು ಓದಲಾಗುವುದಿಲ್ಲ."

ಇಷ್ಟು ಹೇಳಲು ನನಗೆ ಹನ್ನೊಂದು ಸೆಕೆಂಡು ಹಿಡಿಯುತ್ತಿತ್ತು. ಸ್ಟಾಪ್‌ವಾಚ್ ಹಿಡಿದು ನೋಡಿದ್ದೇನೆ. ಆಗ ನಾವು ಬಳಸುತ್ತಿದ್ದ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಅಂದರೆ ಈ ವಿನಂತಿಯನ್ನು ಬಿಚ್ಚಿ ಹಿಡಿದರೆ ಹತ್ತಿರ ಹತ್ತಿರ ಏಳು ಅಡಿ, ನನಗಿಂತ ಎರಡು ಅಡಿ ಉದ್ದ. ಎರಡು ವರ್ಷ ಪ್ರತಿ ಬುಧವಾರ ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ನಾನು ಅದನ್ನು ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸಣ್ಣ ಗತ್ತು ಇರುತ್ತಿತ್ತು. ಹಳೆಯ ಟೇಪು ಕೇಳಿದರೆ ಈಗಲೂ ಅದು ಗೊತ್ತಾಗುತ್ತದೆ, ಗೊತ್ತಾದಾಗ ನಾಚಿಕೆಯಾಗುತ್ತದೆ.

ಸಾಂಗ್ಲಿಯ ಸರಕಾರಿ ರೇಡಿಯೋ ಕೇಂದ್ರದಲ್ಲಿ ವಾರಕ್ಕೆ ಅರ್ಧ ತಾಸು ಕನ್ನಡಕ್ಕೆಂದು ಕೊಟ್ಟಿದ್ದರು. ಬರೆಯುವುದು, ಮಾತಾಡುವುದು, ಅತಿಥಿಗಳನ್ನು ಕರೆತಂದು ಕೂರಿಸುವುದು, ಟೇಪು ಕತ್ತರಿಸಿ ಅಂಟಿಸುವುದು ಎಲ್ಲ ನನ್ನದೇ. ನೌಕರಿ ಕಾಯಂ ಅಲ್ಲ. ಆರು ತಿಂಗಳಿಗೊಮ್ಮೆ ಕರಾರು ಬರೆದುಕೊಡುತ್ತಿದ್ದರು. ಮಿರಜ ತಾಲೂಕಿನ ಊರುಗಳಲ್ಲಿ ಹೊಸ್ತಿಲ ಒಳಗೆ ಕನ್ನಡ ಮಾತಾಡಿ ಹೊರಗೆ ಮರಾಠಿ ಮಾತಾಡುವ ಮನೆಗಳು ಬಹಳ. ನಮ್ಮ ಮನೆಯೂ ಹಾಗೆಯೇ. ಆದರೆ ನಾನು ಚಿಕ್ಕವಳಿದ್ದಾಗ ಚಿಕ್ಕೋಡಿ ಕಡೆಯ ಅಜ್ಜಿಯ ಮನೆಯಲ್ಲಿ ಬೆಳೆದು ಕನ್ನಡ ಶಾಲೆಯಲ್ಲಿ ಓದಿದವಳು. ನನ್ನ ಓರಗೆಯವರಲ್ಲಿ ಕನ್ನಡ ಓದಲು ಬರೆಯಲು ಬರುವವರು ಕಡಿಮೆ. ಆ ಹೆಚ್ಚುಗಾರಿಕೆ ತಲೆಗೆ ಏರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಶುರುವಿನಲ್ಲಿ ಕಾರ್ಯಕ್ರಮಕ್ಕೆ ಬರುತ್ತಿದ್ದ ಕಾರ್ಡುಗಳೆಲ್ಲ ಮರಾಠಿಯಲ್ಲೇ ಇರುತ್ತಿದ್ದವು. ಮೊದಲು ನಾನು ಅವನ್ನು ಕನ್ನಡ ಮಾಡಿ ಓದುತ್ತಿದ್ದೆ. ಒಂದು ದಿನ ಮಿರಜದ ನಿವೃತ್ತ ಕನ್ನಡ ಮಾಸ್ತರರೊಬ್ಬರು ಮುತ್ತಿನಂಥ ಅಕ್ಷರದಲ್ಲಿ ಕಾಗದ ಬರೆದರು. ಕನ್ನಡಿಗರೇ ಮರಾಠಿಯಲ್ಲಿ ಬರೆದರೆ ಕನ್ನಡ ಉಳಿಯುವುದು ಹೇಗೆ, ನೀವಾದರೂ ಕಟ್ಟುನಿಟ್ಟು ಮಾಡಬಾರದೇ ಎಂದು ಕೇಳಿದ್ದರು. ನನಗೆ ಅದು ಬಹಳ ಸರಿ ಅನ್ನಿಸಿತು. ಆ ವಾರವೇ ಹನ್ನೊಂದು ಸೆಕೆಂಡಿನ ವಿನಂತಿ ಬರೆದೆ. ಜನ ಒಂದೆರಡು ತಿಂಗಳು ಒದ್ದಾಡಿ ಆಮೇಲೆ ಅಕ್ಷರ ಕಲಿತು ಬರೆಯುತ್ತಾರೆ ಎಂದು ನನ್ನ ಲೆಕ್ಕ. ಕೂತಲ್ಲೇ ಒಂದು ಸೀಮೆಗೆಲ್ಲ ಅಕ್ಷರ ಕಲಿಸಿಬಿಡುವ ಹುಮ್ಮಸ್ಸು.

ಕೇಂದ್ರದಲ್ಲಿ ಟಪಾಲು ನೋಡುತ್ತಿದ್ದ ಗುಮಾಸ್ತರು ಕಸಬೆ ಡಿಗ್ರಜದ ಜೈನರು. ಎಲ್ಲರಿಗೂ ಅವರು ಕಾಕಾ. ಅವರ ಹತ್ತಿರ ಹೋಗಿ, ಇನ್ನು ಮೇಲೆ ಮರಾಠಿ ಕಾರ್ಡು ನನ್ನ ಮೇಜಿಗೆ ಬೇಡ ಎಂದು ಹೇಳಿಬಂದೆ.

"ಬ್ಯಾಡ ಅಂದ್ರ ಏನ್ ಮಾಡ್ಲವ್ವಾ ಅವನ್ನ?" ಎಂದರು.

"ಮರಾಠಿಯವರಿಗೆ ಕೊಡ್ರಿ ಕಾಕಾ."

"ಅವರರ ಏನ್ ಮಾಡತಾರು? ಕಾರ್ಡ ನಿನಗ ಬರದದ್ದು."

ನಾನು ನಕ್ಕು ಮುಂದೆ ಹೋದೆ. ಕೆಲವು ತಿಂಗಳಲ್ಲಿ ಮರಾಠಿ ಕಾರ್ಡು ಬರುವುದೇ ನಿಂತಿತು. ಕನ್ನಡ ಕಾಗದ ಮಾತ್ರ ಬರುತ್ತಿದ್ದವು, ಮೂವರಿಂದ. ಮಿರಜದ ಮಾಸ್ತರರು, ಜೊತೆಗೆ ಸಾಂಗ್ಲಿಯ ಇನ್ನಿಬ್ಬರು ನಿವೃತ್ತ ಮಾಸ್ತರರು. ಮೂವರೂ ತಪ್ಪದೆ ಬರೆಯುತ್ತಿದ್ದರು, ಹೊಗಳುತ್ತಿದ್ದರು, ನಡುನಡುವೆ ನನ್ನ ಉಚ್ಚಾರ ತಿದ್ದುತ್ತಿದ್ದರು. ನಾನು ಅದನ್ನೇ ಕಾರ್ಯಕ್ರಮದ ಯಶಸ್ಸು ಎಂದುಕೊಂಡೆ.

ಅವು ಊರ ತುಂಬ ಕೇಬಲ್ ತಂತಿ ಎಳೆಯುತ್ತಿದ್ದ ವರ್ಷಗಳು. ಸಾಂಗ್ಲಿ ಮಿರಜ ಎರಡೂ ಬೆಳೆಯುತ್ತ ಒಂದನ್ನೊಂದು ಮುಟ್ಟುತ್ತಿದ್ದವು. ನಡುವಿನ ಹೊಲಗಳಲ್ಲಿ ಅಪಾರ್ಟ್‌ಮೆಂಟು ಎದ್ದವು. ಮಾಳಿಗೆಯ ಮೇಲಿನ ಆ್ಯಂಟೆನಾಗಳನ್ನು ಇಳಿಸಿ ಗುಜರಿಗೆ ಹಾಕಿದರು. ರೇಡಿಯೋದಲ್ಲೂ ಪ್ರಾಯೋಜಿತ ಕಾರ್ಯಕ್ರಮ ಎಂಬ ಹೊಸ ಪದ ಓಡಾಡತೊಡಗಿತು. ಯಾವುದಾದರೂ ಕಂಪನಿ ಬಂದು ಒಂದು ಸಮಯ ಹಿಡಿದುಕೊಂಡರೆ ಅಲ್ಲಿ ಸಿನಿಮಾ ಹಾಡು, ನಡುನಡುವೆ ಅವರ ಜಾಹೀರಾತು. ನನ್ನ ಅರ್ಧ ತಾಸು ಶುರುವಾಗುತ್ತಿದ್ದ ಸಂಜೆ ಆರೂವರೆ ಅಂಥವರಿಗೆ ಬಹಳ ಇಷ್ಟದ ಹೊತ್ತು.

ಒಂದು ಜನವರಿಯಲ್ಲಿ ಕಾರ್ಯಕ್ರಮ ಅಧಿಕಾರಿಗಳು ನನ್ನನ್ನು ಕರೆದರು. ಅವರು ಪುಣೆ ಕಡೆಯವರು, ಮಾತೆಲ್ಲ ಮರಾಠಿಯಲ್ಲಿ, ಹೆಂಗಸರನ್ನು ಕರೆಯುವುದು 'ಬಾಯಿ' ಎಂದು. ದನಿ ಏರಿಸದ ಮನುಷ್ಯ. ಮೇಜಿನ ಮೇಲೆ ಒಂದು ಸುತ್ತೋಲೆ ಇತ್ತು. ಕೇಳುಗರಿಲ್ಲದ ಕಾರ್ಯಕ್ರಮಗಳನ್ನು ಗುರುತಿಸಿ ಆ ಸಮಯವನ್ನು ಬೇರೆಯದಕ್ಕೆ ಕೊಡಬೇಕು, ಅದಕ್ಕಾಗಿ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಬಂದ ಪತ್ರಗಳ ಸಂಖ್ಯೆ ಕಳಿಸಬೇಕು ಎಂದು ಅದರ ಸಾರ.

"ನಿಮ್ಮ ಕಾರ್ಯಕ್ರಮವನ್ನು ಮೂರು ಜನ ಕೇಳುತ್ತಾರೆ ಬಾಯಿ," ಎಂದರು. "ಮೂವರೂ ಪಿಂಚಣಿದಾರರು."

"ಇಲ್ಲ ಸಾಹೇಬರೇ, ಹಳ್ಳಿ ಹಳ್ಳಿಯಲ್ಲಿ ಕೇಳುತ್ತಾರೆ."

"ಹಾಗಾದರೆ ತೋರಿಸಿ. ನಾನು ಉಳಿಸಬೇಕು ಅಂದುಕೊಂಡವನೇ. ಆದರೆ ಮೇಲಿನವರಿಗೆ ನಾನು ಏನಾದರೂ ತೋರಿಸಬೇಕಲ್ಲ."

ನಾನು ಮಾಡಿದ್ದೇನು? ವಿನಂತಿಯನ್ನು ಇನ್ನಷ್ಟು ಒತ್ತಿ ಹೇಳಿದೆ. ದಯವಿಟ್ಟು ಎಂಬುದನ್ನು ಎರಡು ಸಲ ಹೇಳಿದೆ. ಜನವರಿ ಮುಗಿಯಿತು. ಮೂವರು ಮಾಸ್ತರರು ಗಾಬರಿಯಾಗಿ ವಾರಕ್ಕೆ ಎರಡೆರಡು ಕಾಗದ ಬರೆಯತೊಡಗಿದರು. ಅಧಿಕಾರಿಗಳು ಅವನ್ನು ಎಣಿಸಿ, ಅಕ್ಷರ ಹೋಲಿಸಿ ನೋಡಿ, ತಿರುಗಿ ಕೊಟ್ಟರು.

ಫೆಬ್ರುವರಿಯಲ್ಲಿ ಬೇರೆ ದಾರಿ ಹಿಡಿದೆ. ಬರೆಯದಿದ್ದರೆ ಬೇಡ, ಜನ ಮಾತಾಡಲಿ. ಅವರ ಮನೆಗೇ ಹೋಗಿ ದನಿ ತುಂಬಿಕೊಂಡು ಬರುತ್ತೇನೆ, ಆ ಟೇಪನ್ನೇ ಮೇಲಿನವರಿಗೆ ಕಳಿಸೋಣ ಎಂದುಕೊಂಡೆ. ಕೇಂದ್ರದಲ್ಲಿ ಭುಜಕ್ಕೆ ಹಾಕಿಕೊಳ್ಳುವ ಟೇಪ್ ರೆಕಾರ್ಡರ್ ಒಂದಿತ್ತು, ಹೆಗಲು ಜಗ್ಗಿ ಬೀಳಿಸುವಷ್ಟು ಭಾರ. ಅದನ್ನು ಹೊರಗೆ ಒಯ್ಯಬೇಕಾದರೆ ಅರ್ಜಿ, ಸಹಿ, ಸೆಲ್ಲುಗಳಿಗೆ ಬೇರೆ ಸಹಿ. ಮೂರು ದಿನ ಅದಕ್ಕೇ ಹೋಯಿತು.

ಮೊದಲು ಕಾಕಾ ತಮ್ಮ ಊರಿಗೆ ಕರೆದೊಯ್ದರು. ಡಿಗ್ರಜದಲ್ಲಿ ಅರಿಶಿಣ ಕುದಿಸುವ ದಿನಗಳು, ಓಣಿಯೆಲ್ಲ ಅದೇ ವಾಸನೆ. ಅವರ ಮನೆಯ ಪಡಸಾಲೆಯಲ್ಲಿ ಬಣ್ಣದ ಟಿವಿ ಹಚ್ಚಿತ್ತು. ಕಾಕಾನ ಹೆಂಡತಿ, ಎಲ್ಲರಿಗೂ ಮಾವಶಿ, ಚಹಾ ಕೊಟ್ಟು, ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಕೂತರು.

"ನಾವು ತಪ್ಪದ ಕೇಳತೇವ್ರಿ ಕನ್ನಡ ಕಾರ್ಯಕ್ರಮ. ಭಾಳ ಚಲೋ ಇರ್ತೇತಿ."

"ಹ್ವಾದ ವಾರ ಏನಿತ್ತು ಮಾವಶಿ?"

"ಹ್ವಾದ ವಾರನೂ ಚಲೋನಽ ಇತ್ತವ್ವಾ."

ರೇಡಿಯೋ ಎಲ್ಲಿದೆ ಎಂದು ಕೇಳಬಾರದಾಗಿತ್ತು, ಕೇಳಿದೆ. ಕಪಾಟಿನ ಮೇಲಿಂದ ಇಳಿಸಿದರು. ಹಿಂದಿನ ಮುಚ್ಚಳ ಇರಲಿಲ್ಲ, ಸೆಲ್ಲೂ ಇರಲಿಲ್ಲ. ಕಾಕಾ ಟೀಪಾಯಿಯ ಮೇಲಿನ ಪೇಪರು ಎತ್ತಿಕೊಂಡು ಓದತೊಡಗಿದರು. ಮನೆಗೆ ಬಂದ ಹುಡುಗಿಯ ಮುಖ ಸಣ್ಣದಾಗಬಾರದೆಂದು ಹೇಳಿದ ಸುಳ್ಳು, ಅದರಲ್ಲಿ ಅವರ ತಪ್ಪೇನಿಲ್ಲ. ಅಂಥ ಇನ್ನೂ ನಾಲ್ಕು ಮನೆಯ ಸುಳ್ಳನ್ನು ಆ ದಿನ ತುಂಬಿಕೊಂಡು ಬಂದೆ. ಕೇಂದ್ರಕ್ಕೆ ಬಂದು ಒಮ್ಮೆ ಕೇಳಿ ಎಲ್ಲ ಅಳಿಸಿದೆ. ಅಧಿಕಾರಿಗಳು ಹೇಳಿದ್ದೇ ನಿಜವಿರಬೇಕು ಎಂದು ಮೊದಲ ಸಲ ಅನ್ನಿಸಿತು.

ಮರುದಿನ ಕಾಕಾ ತಾವಾಗಿಯೇ ನನ್ನ ಮೇಜಿಗೆ ಬಂದರು.

"ಮೊದಲ ಲಿಂಗನೂರಿಂದ ಒಂದ್ ಕಾರ್ಡ ಬರ್ತಿತ್ತ ನೋಡವ್ವಾ. ತಿಂಗಳಾ ಒಂದು. ಕುರಿಯವರದು. ಸೊಸಿ ಕಡಿಂದ ಬರಸತಿದ್ಲು ಮುದುಕಿ."

ನೆನಪಾಯಿತು. ಕುರಿಗಳು ಮೇಯುತ್ತ ಮೇಯುತ್ತಲೇ ಬಿದ್ದು ಸಾಯುತ್ತವೆ, ಇದಕ್ಕೆ ಏನು ಮಾಡಬೇಕು ಎಂದು ಆ ಕಾರ್ಡಿನಲ್ಲಿ ಕೇಳಿದ್ದರು. ನಾನು ಪಶುವೈದ್ಯರೊಬ್ಬರನ್ನು ಕರೆತಂದು ಕರುಳುಬೇನೆಯ ಬಗ್ಗೆ, ಮಳೆಗಾಲಕ್ಕೆ ಮುಂಚೆ ಹಾಕಿಸಬೇಕಾದ ಲಸಿಕೆಯ ಬಗ್ಗೆ ಮಾತಾಡಿಸಿದ್ದೆ. ವಿನಂತಿ ಶುರುವಾಗುವುದಕ್ಕೆ ಸ್ವಲ್ಪ ಹಿಂದಿನ ಮಾತು ಅದು.

ಮಾರ್ಚ್ ಎರಡನೆಯ ಬುಧವಾರ ಮಿರಜದಿಂದ ಮಧ್ಯಾಹ್ನದ ಬಸ್ಸು ಹಿಡಿದು ಲಿಂಗನೂರಿಗೆ ಹೋದೆ. ಕಾರ್ಯಕ್ರಮದ ಟೇಪನ್ನು ಹತ್ತು ದಿನ ಮೊದಲೇ ಮುಗಿಸಿ ಒಪ್ಪಿಗೆ ಪಡೆದು ಕಪಾಟಿಗೆ ಸೇರಿಸಬೇಕೆಂಬ ನಿಯಮ ನಮ್ಮಲ್ಲಿತ್ತು. ಹಾಗಾಗಿ ಅದು ಪ್ರಸಾರವಾಗುವ ಹೊತ್ತಿಗೆ ನಾನು ಎಲ್ಲಿದ್ದರೂ ನಡೆಯುತ್ತಿತ್ತು. ಈ ಸಲ ಕೇಳುತ್ತೀರಾ ಎಂದು ಕೇಳುವುದೇ ಬೇಡ, ಕೇಳುವ ಹೊತ್ತಿಗೆ ಹೋಗಿ ಕೂರುವುದು ಎಂದು ನಿರ್ಧರಿಸಿದ್ದೆ.

ಮನೆ ಊರಿನ ಅಂಚಿಗೆ ಇತ್ತು. ಕುರಿಗಳು ಆಗಷ್ಟೇ ಹಟ್ಟಿಗೆ ಬಂದಿದ್ದವು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಗೆ, ಸಾಂಗ್ಲಿ ರೇಡಿಯೋದಿಂದ ಬಂದಿದ್ದೇನೆ ಎಂದೆ.

"ಬರ್ರಿ ಬಾಯಾರ, ಕುಂದ್ರಿ," ಎಂದು ಕಂಬಳಿ ಹಾಸಿದಳು. "ರೇಡಿಯೋ ರಿಪೇರಿ ಮಾಡೂ ಮಂದಿ ಏನ್ರಿ?"

ಅಲ್ಲ ಎಂದೆ, ಮತ್ತೇನೂ ಹೇಳಲಿಲ್ಲ. ರೇಡಿಯೋ ಕಂಬಕ್ಕೆ ನೇತುಹಾಕಿತ್ತು, ಅದಕ್ಕೆ ಹಳೆಯ ಸೀರೆಯ ತುಂಡಿನಲ್ಲಿ ಹೊಲಿದ ಚೀಲ. ಆರೂವರೆಗೆ ಐದು ನಿಮಿಷವಿದೆ ಎನ್ನುವಾಗ ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯನ್ನು ಅಜ್ಜಿ ಕೂಗಿದಳು. ಸೊಸೆ ಹಿಟ್ಟಿನ ಕೈಯಲ್ಲೇ ಬಂದು ಗುಂಡಿ ತಿರುಗಿಸಿ ಹೋದಳು. ನಾನು ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಹೆಚ್ಚೂ ಹೋಗದಂತೆ ಕಡಿಮೆಯೂ ಆಗದಂತೆ ಹೊಂದಿಸಿ, ಮೈಕನ್ನು ಕಂಬಳಿಯ ಮೇಲಿಟ್ಟು ಚಾಲೂ ಮಾಡಿದೆ.

ನನ್ನ ದನಿ ಬಂತು. ಅಜ್ಜಿ ರೇಡಿಯೋ ನೋಡಿದಳು, ನನ್ನನ್ನು ನೋಡಿದಳು.

"ಯವ್ವಾ, ಇಕಿ ಇಲ್ಲಿ ಕುಂತಾಳ, ಅಲ್ಲಿ ಹ್ಯಾಂಗ ಮಾತಾಡಾಕತ್ತಾಳ?" ಎಂದು ಸೊಸೆಗೆ ಕೂಗಿ ಹೇಳಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಸೊಸೆ ಬಾಗಿಲಲ್ಲಿ ಬಂದು ನಿಂತಳು. ಆಮೇಲೆ ಇಬ್ಬರೂ ನನ್ನನ್ನು ಮರೆತು ಕೇಳತೊಡಗಿದರು. ಆ ವಾರ ಬೇಸಿಗೆಯಲ್ಲಿ ಕುಡಿಯುವ ನೀರಿನ ಬಗ್ಗೆ ಒಂದು ಮಾತುಕತೆ, ಎರಡು ಜನಪದ ಹಾಡು, ಪೇಟೆಯ ಧಾರಣೆ ಇತ್ತು. ಹಾಡಿಗೆ ಅಜ್ಜಿ ತಲೆದೂಗಿದಳು. ಮಾತುಕತೆಯಲ್ಲಿ ಅತಿಥಿ ಏನೋ ತಪ್ಪು ಹೇಳಿದಾಗ "ಅಲ್ಲ ಅಲ್ಲ" ಎಂದಳು. ಸುಖವೆಂದರೆ ಅದು. ಸ್ಟುಡಿಯೋದ ಗಾಜಿನ ಈಚೆ ಕೂತು, ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದೊಡನೆ ಖಾಲಿ ಗೋಡೆಗೆ ಮಾತಾಡುವವಳಿಗೆ, ಆ ಮಾತು ಇಳಿಯುವ ಜಾಗ ಕಣ್ಣಿಗೆ ಕಂಡ ಸುಖ.

ಕೊನೆಗೆ ನನ್ನ ಹನ್ನೊಂದು ಸೆಕೆಂಡು ಬಂತು. ಕನ್ನಡದಲ್ಲೇ ಬರೆದು ಕಳಿಸಿ. ಬೇರೆ ಭಾಷೆಯ ಪತ್ರಗಳನ್ನು ಓದಲಾಗುವುದಿಲ್ಲ.

ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ರೇಡಿಯೋಗೇ ಹೇಳಿದಳು, ಪ್ರತಿ ವಾರ ಹೇಳಿ ರೂಢಿಯಾದವಳ ಹಾಗೆ: "ಬರಿಯಾಕ ಬರೂದಿಲ್ಲ ಯವ್ವಾ ನಮಗ. ಏನ್ ಮಾಡೂಣು." ಕೈ ಎತ್ತಿ ಗುಂಡಿ ತಿರುಗಿಸಿ ಬಂದ್ ಮಾಡಿದಳು.

ಆಮೇಲೆ ನಾನು ಪಕ್ಕದಲ್ಲೇ ಇದ್ದೇನೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಸೊಸೆಯೇ ಹೇಳಿದಳು. ಅವಳ ಕನ್ನಡದಲ್ಲಿ ಅರ್ಧ ಮರಾಠಿ. "ಮೊದಲ ನಾನಽ ಬರೀತಿದ್ನಿ ಬಾಯಾರ. ಅತ್ತಿ ಕನ್ನಡದಾಗ ಹೇಳೂದು, ನಾ ಮರಾಠೀಲೆ ಬರಿಯೂದು. ನಾ ಕಲ್ತದ್ದು ಮರಾಠಿ ಸಾಲಿ. ಆಮ್ಯಾಲ ನೀವು ಬ್ಯಾಡ ಅಂದ್ರಿ. ಇದು ಶಾಣ್ಯಾರದು, ಕನ್ನಡ ಬರಿಯಾಕ ಬರೂ ಮಂದೀದು, ನಮ್ಮದಲ್ಲ ಅಂತ ತಿಳಕೊಂಡು ಬಿಟ್ವಿ. ಕೇಳೂದ ಬಿಟ್ಟಿಲ್ರಿ ಮತ್ತ."

"ಕುರಿಗೆ ಲಸಿಕೆ ಹಾಕಿಸಿದ್ರ್ಯಾ?" ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು.

"ಹಾಕಿಸಿದ್ವಿ," ಎಂದಳು ಅಜ್ಜಿ. "ದವಾಖಾನಿಯವರು ಮರಾಠೀಲೆ ಹೇಳಿ ಹೋಗಿದ್ರು, ನನಗ ಅರ್ಧ ತಿಳೀಲಿಲ್ಲ. ನೀವು ಹೇಳಿದ ಮ್ಯಾಲೆ ಹಟ್ಟಿ ಮಂದಿಗೆಲ್ಲಾ ನಾನಽ ಹೇಳೀನಿ. ಆ ವರ್ಷದಿಂದ ಮರಿ ಸತ್ತಿಲ್ಲ. ತಿಳಸಬೇಕಂದ್ವಿ, ಹ್ಯಾಂಗ ತಿಳಸೂದು?"

ಹಟ್ಟಿಯ ಇನ್ನೂ ಆರು ಮನೆಗಳಿಗೆ ಅಜ್ಜಿಯೇ ಕರೆದೊಯ್ದಳು. ಕೇಳುವವರು ಇದ್ದರು. ಎಲ್ಲರೂ ಕೇಳುತ್ತಾರೆ ಎಂದಲ್ಲ, ಎರಡು ಮನೆಯಲ್ಲಿ ನನ್ನ ಕಾರ್ಯಕ್ರಮ ಗೊತ್ತೇ ಇರಲಿಲ್ಲ. ಅವರು ಹಾಗೆಂದು ನೇರವಾಗಿ ಹೇಳಿದ್ದರಿಂದಲೇ ಉಳಿದವರ ಮಾತು ನನಗೆ ನಿಜವೆನಿಸಿತು. ಕೊನೆಯ ಬಸ್ಸಿಗೆ ಮಿರಜಕ್ಕೆ ಬಂದೆ. ದಾರಿಯುದ್ದಕ್ಕೂ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಸಿಟ್ಟು ಬಂದಿತ್ತು, ಯಾರ ಮೇಲೂ ಹಾಕಲಾಗದ ಸಿಟ್ಟು.

ಮರುದಿನ ಆ ದನಿಗಳನ್ನು ಎಡಿಟ್ ಮಾಡಿದೆ. ಟೇಪನ್ನು ಕೈಯಿಂದ ಹಿಂದೆ ಮುಂದೆ ಎಳೆದು, ಮಾತು ಶುರುವಾಗುವ ಜಾಗಕ್ಕೆ ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ, ಹಿತ್ತಾಳೆಯ ಅಚ್ಚಿನಲ್ಲಿಟ್ಟು ಅದರ ಓರೆ ಸೀಳಿನಗುಂಟ ಬ್ಲೇಡಿನಿಂದ ಕತ್ತರಿಸುವುದು. ಓರೆಯಾಗಿ ಕತ್ತರಿಸಿದರೆ ಜೋಡಣೆ ಕಿವಿಗೆ ಗೊತ್ತಾಗುವುದಿಲ್ಲ. ಹತ್ತು ನಿಮಿಷದ ಟೇಪು ಆಯಿತು. ಅಧಿಕಾರಿಗಳ ಕೋಣೆಗೆ ಒಯ್ದು ಹಚ್ಚಿದೆ. ಅಜ್ಜಿ ರೇಡಿಯೋಗೆ ಉತ್ತರ ಕೊಡುವ ಜಾಗಕ್ಕೆ ಬಂದಾಗ, ಏನು ಹೇಳಿದಳು ಎಂದು ಕೇಳಿದರು. ಮರಾಠಿ ಮಾಡಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಟೇಪು ಕಳಿಸಲಾಗುವುದಿಲ್ಲ ಬಾಯಿ. ಅವರು ಕೇಳಿದ್ದು ಪತ್ರದ ಸಂಖ್ಯೆ. ಆದರೆ ಈ ಜನ ಮರಾಠಿಯಲ್ಲಿ ಬರೆಯುತ್ತಾರಲ್ಲ, ಬರೆಯಲಿ."

"ಮರಾಠಿ ಪತ್ರ ಕನ್ನಡ ಕಾರ್ಯಕ್ರಮಕ್ಕೆ ನಡೆಯುತ್ತದೆಯೇ?"

ಅವರು ಸುತ್ತೋಲೆಗೆ ಲಗತ್ತಿಸಿದ್ದ ನಮೂನೆಯನ್ನು ನನ್ನ ಕಡೆ ತಿರುಗಿಸಿದರು. "ಭಾಷೆ ಅಂತ ಕಾಲಂ ಎಲ್ಲಿದೆ, ತೋರಿಸಿ."

ಎಲ್ಲಿಯೂ ಇರಲಿಲ್ಲ. ಆ ನಿಯಮ ಸರಕಾರದ್ದಲ್ಲ, ಕೇಂದ್ರದ್ದಲ್ಲ. ಇಡೀ ದೇಶದಲ್ಲಿ ಅದು ನನ್ನೊಬ್ಬಳದೇ ನಿಯಮವಾಗಿತ್ತು.

ಅಂದು ಗುರುವಾರ. ಮಾರ್ಚಿನಲ್ಲಿ ಇನ್ನು ಎರಡು ಬುಧವಾರ ಉಳಿದಿದ್ದವು. ಎರಡರ ಟೇಪೂ ಒಪ್ಪಿಗೆಯಾಗಿ ಕಪಾಟಿನಲ್ಲಿದ್ದವು, ಎರಡರ ಬಾಲದಲ್ಲೂ ಹಳೆಯ ವಿನಂತಿ. ಅಧಿಕಾರಿಗಳು ನಿಯಮ ಹೇಳಿದರು: ಒಪ್ಪಿಗೆಯಾದ ಟೇಪಿನಿಂದ ತೆಗೆಯಬಹುದು, ಅದಕ್ಕೆ ತಾವೇ ಸಹಿ ಹಾಕುತ್ತಾರೆ. ಸೇರಿಸಬೇಕಾದರೆ ಹೊಸ ಬರಹಕ್ಕೆ ಕೇಂದ್ರದ ಮುಖ್ಯಸ್ಥರ ಸಹಿ ಬೇಕು. ಮುಖ್ಯಸ್ಥರು ರಜೆಯಲ್ಲಿದ್ದರು, ಬರುವುದು ಮುಂದಿನ ಗುರುವಾರ. ಅಂದರೆ ಹೊಸ ಮಾತು ಹೋಗುವುದು ಕೊನೆಯ ಬುಧವಾರವೇ.

ಮಂಗಳವಾರ ನಾನು ಎಡಿಟಿಂಗ್ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮರುದಿನದ ಟೇಪಿನಿಂದ ಏಳು ಅಡಿ ವಿನಂತಿಯನ್ನು ಕತ್ತರಿಸಿ ತೆಗೆದೆ. ಹೊಸ ಮಾತನ್ನು ಆಗಲೇ ಬರೆದು ಓದಿ ತುಂಬಿಟ್ಟುಕೊಂಡಿದ್ದೆ: "ನಿಮಗೆ ಬರೆಯಲು ಬರುವ ಯಾವ ಭಾಷೆಯಲ್ಲಾದರೂ ಬರೆಯಿರಿ. ಮರಾಠಿಯಲ್ಲಿ ಬರೆಯಿರಿ. ಓದುತ್ತೇನೆ. ಈ ತಿಂಗಳೊಳಗೆ ನಿಮ್ಮ ಕಾರ್ಡು ಬರದಿದ್ದರೆ ಈ ಕಾರ್ಯಕ್ರಮ ಉಳಿಯುವುದಿಲ್ಲ." ಅದೂ ಹನ್ನೊಂದು ಸೆಕೆಂಡೇ, ನೋಡಿ ನೋಡಿ ಹೊಂದಿಸಿದ್ದೆ. ತುಂಡು ಟೇಪು ಕೊರಳಿಗೆ ನೇತುಹಾಕಿಕೊಂಡಿದ್ದೆ. ಬ್ಲೇಡು ಕೈಯಲ್ಲಿತ್ತು. ಪ್ರಸಾರದ ಕೋಣೆಯವರು ನೋಡುವುದು ಟೇಪಿನ ಒಟ್ಟು ಅವಧಿಯನ್ನು ಮಾತ್ರ. ಅವರಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ. ಸೇರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಸೇರಿಸಲಿಲ್ಲ. ಗೊತ್ತಾದರೆ ಮುಂದಿನ ಕರಾರು ಸಿಗಲಿಕ್ಕಿಲ್ಲ ಎಂಬ ಭಯ ಒಂದು. ನಿಯಮ ಮುರಿದು ಉಳಿಸಿಕೊಂಡರೆ ಅದು ಉಳಿಸಿಕೊಂಡ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡ ದೊಡ್ಡ ಮಾತು ಇನ್ನೊಂದು. ನಾನೇ ಮಾಡಿದ ನಿಯಮವನ್ನು ಎರಡು ವರ್ಷ ಜನರ ತಲೆಯ ಮೇಲೆ ಹೇರುವಾಗ ಇಷ್ಟೆಲ್ಲ ಯೋಚನೆ ಬಂದಿರಲಿಲ್ಲ. ಖಾಲಿಯಾದ ಜಾಗಕ್ಕೆ ಹನ್ನೊಂದು ಸೆಕೆಂಡು ಕೊಳಲು ಹಾಕಿದೆ. ಬುಧವಾರ ಅದು ಪ್ರಸಾರವಾಯಿತು. ಬಹಳ ಇಂಪಾಗಿತ್ತು.

ಗುರುವಾರ ಮುಖ್ಯಸ್ಥರು ಬಂದರು, ಐದು ನಿಮಿಷದಲ್ಲಿ ಸಹಿ ಹಾಕಿದರು. ಇಷ್ಟಕ್ಕೆ ನನ್ನನ್ನು ಕಾಯಬೇಕಿತ್ತೇ ಎಂದರು. ಕೊನೆಯ ಬುಧವಾರ ಹೊಸ ಮಾತು ಹೋಯಿತು. ಶನಿವಾರಕ್ಕೆ ತಿಂಗಳು ಮುಗಿಯಿತು. ಹಳ್ಳಿಯಲ್ಲಿ ಕಾರ್ಡು ಸಿಗಬೇಕು, ಬರೆಯುವವರು ಸಿಗಬೇಕು, ಟಪಾಲು ಡಬ್ಬಿ ತೆರೆಯುವ ದಿನ ಬರಬೇಕು. ಮೂರು ದಿನಕ್ಕೆ ಆಗುವ ಕೆಲಸವಲ್ಲ. ಅಧಿಕಾರಿಗಳು ಸೋಮವಾರ ಮಧ್ಯಾಹ್ನದವರೆಗೆ ನಮೂನೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇದ್ದರು. ಬೆಳಗಿನ ಟಪಾಲು ಬಂದ ಮೇಲೆ ಕಾಕಾ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದರು. ನಮೂನೆ ಹೋಯಿತು.

ಕಾರ್ಡುಗಳು ಬಂದದ್ದು ಬುಧವಾರದಿಂದ. ಆ ದಿನ ಒಂದು ಹಿಡಿ, ಮರುದಿನ ಎರಡು. ಆ ವಾರ ಮುಗಿಯುವ ಹೊತ್ತಿಗೆ ಕಾಕಾ ಅವನ್ನು ಸುತಳಿಯಿಂದ ಕಟ್ಟಿ ಎರಡೂ ಕೈಯಲ್ಲಿ ಹಿಡಿದು ತಂದರು. ನನ್ನ ಮೇಜಿನ ಮೇಲಿಟ್ಟು ಹೋದರು. ಎರಡು ವರ್ಷದ ಹಿಂದೆ ನಾನು ಬೇಡ ಎಂದ ಅದೇ ಮೇಜು. ಅಧಿಕಾರಿಗಳು ಒಂದು ಪೂರಕ ಪತ್ರ ಬರೆದು, ಕಾರ್ಡುಗಳ ಸಂಖ್ಯೆ ನಮೂದಿಸಿ ಕಳಿಸಿದರು. ನಿರ್ಣಯ ಆಗಿದೆ ಎಂದು ಉತ್ತರ ಬಂತು. ಅಲ್ಲಿಯವರೆಗಿನ ಬುಧವಾರಗಳ ಟೇಪುಗಳೆಲ್ಲ ಆಗಲೇ ಒಪ್ಪಿಗೆಯಾಗಿ ಕಪಾಟು ಸೇರಿದ್ದವು. ಏಪ್ರಿಲ್ ಕೊನೆಯ ಬುಧವಾರ ಆರೂವರೆಗೆ ಚಹಾಪುಡಿ ಕಂಪನಿಯೊಂದರ ಸಿನಿಮಾ ಹಾಡುಗಳು ಶುರುವಾದವು. ಹಾಡುಗಳ ಮೇಲೆ ನನಗೆ ಕೋಪವಿಲ್ಲ. ಆ ಕಂಪನಿಗೆ ಲಿಂಗನೂರಿನ ಕುರಿಯ ಕರುಳಿನ ಬಗ್ಗೆ ಮಾತಾಡುವ ದರ್ದಿಲ್ಲ, ಅಷ್ಟೇ. ಚಹಾಪುಡಿ ಕೊಳ್ಳದವರಿಗಾಗಿ ಮಾತಾಡಬೇಕಾದದ್ದು ನಮ್ಮದು. ಅದು ಎಲ್ಲರದು. ಎಲ್ಲರದಾದ್ದರಿಂದ ಯಾರೂ ಅದನ್ನು ನಮ್ಮದು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕು. ಸರಕಾರಿ ರೇಡಿಯೋ ಟಿವಿಗಳನ್ನು ಈಗ ಯಾರು ಕೇಳುತ್ತಾರೆ, ಯಾರು ನೋಡುತ್ತಾರೆ ಎಂದು ಯಾರಾದರೂ ನಗುವಾಗ, ನೀವು ಕೇಳುವವರಾಗಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ, ಯಾವ ಭಾಷೆಯಲ್ಲಾದರೂ ಸರಿ. ಹೇಳಲು ಬಂದವರನ್ನು ಬಾಗಿಲಲ್ಲೇ ತಡೆದವಳು ಇದನ್ನು ಬೇಡಿಕೊಳ್ಳುತ್ತಿದ್ದಾಳೆ ಎಂಬುದು ನನಗೆ ಗೊತ್ತಿದೆ.

ಆ ಕಟ್ಟಿನಲ್ಲಿ ಲಿಂಗನೂರಿನ ಕಾರ್ಡೂ ಇತ್ತು. ಸೊಸೆಯ ಅಕ್ಷರ, ಮರಾಠಿ ಲಿಪಿ. ಮರಾಠಿಯೆಂದುಕೊಂಡೇ ಓದತೊಡಗಿದೆ, ಒಂದು ಪದವೂ ಅರ್ಥವಾಗಲಿಲ್ಲ. ತಪ್ಪು ತಪ್ಪಾಗಿ ಬರೆದಿದ್ದಾಳೆ ಎಂದುಕೊಂಡೆ. ಮತ್ತೆ ಮೊದಲಿನಿಂದ, ಈ ಸಲ ತುಟಿ ಅಲ್ಲಾಡಿಸುತ್ತ ಓದಿದೆ. ಅತ್ತೆ ಹೇಳಿದ ಕನ್ನಡವನ್ನು ಹೇಳಿದ ಹಾಗೆಯೇ, ಒಂದು ಮಾತೂ ಬದಲಿಸದೆ, ತನಗೆ ಬರುವ ಅಕ್ಷರಗಳಲ್ಲಿ ಇಳಿಸಿದ್ದಳು. ಮರಾಠಿಯಲ್ಲಿ ಬರೆದರೂ ನಡೆಯುತ್ತದೆ ಎಂದು ನಾನು ಹೇಳಿದ ಮೇಲೂ ಹೀಗೆ ಬರೆದಿದ್ದರು. ನನ್ನ ಕಟ್ಟುನಿಟ್ಟನ್ನು ಅವರು ಅಷ್ಟು ಗಟ್ಟಿಯಾಗಿ ನಂಬಿದ್ದರು.

"ಬಾಯಾರಿಗೆ ಶರಣು. ಕುರಿ ಮರಿ ಎಲ್ಲಾ ಆರಾಮ ಅದಾವು. ನೀವು ಹೇಳಿದಂಗ ಕನ್ನಡದಾಗಽ ಬರದೇವಿ. ಇನ್ನರ ಓದ್ರಿ."

ಓದಿದೆ. ಸ್ಟುಡಿಯೋಗೆ ಹೋಗಿ, ಮೈಕಿನ ಮುಂದೆ ಕೂತು, ಗಟ್ಟಿಯಾಗಿ ಓದಿದೆ. ಕೆಂಪು ದೀಪ ಹತ್ತಿರಲಿಲ್ಲ.